ಬೆಳಗಿನ ಓಟದ ಮೈಲೇಜು

ತಿಪಟೂರು
೧೦-೧೨-೧೯೯೮, ಗುರುವಾರ ಸಂಜೆ

ಪ್ರೀತಿಯ ನಿಜಾಮ್ ಭಾಯಿಗೆ ತಮ್ಮ ವಾಸಿಫನ ಸಲಾಂ.

ನಿನ್ನ ಸೊಂಟದ ನೋವು ಹೇಗಿದೆ? ಹಾಸನದ ಗ್ಯಾರೇಜಿನ ತಣ್ಣನೆಯ ನೆಲದ ಮೇಲೆ ಮಲಗಿ ಕೆಲಸ ಮಾಡಬೇಡ, ಗೋಣಿಚೀಲ ಹಾಸಿಕೋ ಎಂದು ಅಮ್ಮಿ ಬರೆಯಲು ಹೇಳಿದಳು. ವಜೀರಾ ಭಾಭಿ ಕಳಿಸಿದ ಸ್ವೆಟರ್ ನನಗೆ ಸರಿಯಾಗಿದೆ. ಇಲ್ಲಿ ಚಳಿ ಜೋರಾಗಿದೆ. ನನ್ನ ಭಯ ಶುರುವಾಗಿದ್ದೂ ಈ ಚಳಿಯಿಂದಲೇ.

ನಾನು ಓಡಿಸುವುದು ಕೊಬ್ಬರಿ ಮಂಡಿ ವೀರಭದ್ರಯ್ಯನವರ ಅಂಬಾಸಿಡರ್ ಎಂದು ನಿನಗೆ ಗೊತ್ತು. ಬೆಳಿಗ್ಗೆ ಅವರ ಸೊಸೆ ಇಂಪನಾ ಮೇಡಂ ಅವರನ್ನು ತುರುವೇಕೆರೆ ದಾರಿಯ ಹಳ್ಳಿಶಾಲೆಗೆ ಬಿಟ್ಟು ಬರಬೇಕು, ಮಧ್ಯಾಹ್ನ ಹೋಗಿ ಕರೆತರಬೇಕು. ಜೊತೆಗೆ ಅವರ ಪುಟ್ಟ ಮಗಳು. ಹೋದ ಬೇಸಿಗೆಯಲ್ಲಿ ಕಾರಿನ ಇನ್ನೊಂದು ಕೀಲಿಯನ್ನು ಬಾವಿಗೆ ಎಸೆದವಳು ಅವಳೇ. ಮುಂದಿನ ಸೀಟಿನಲ್ಲಿ ನಿಂತೇ ಬರುತ್ತಾಳೆ, ಕೂರು ಎಂದರೆ ಕೇಳುವುದಿಲ್ಲ. ಚಳಿ ಶುರುವಾದ ಮೇಲೆ ಗಾಡಿಯ ಮೈಲೇಜ್ ಬಿದ್ದುಹೋಯಿತು. ಮಂಡಿಯಲ್ಲಿ ಎಲ್ಲರ ಎದುರು ಯಜಮಾನರು, “ಏನ್ಲಾ ವಾಸಿಫ, ಡೀಸೆಲ್ ಗಾಡಿ ಕುಡೀತೈತೋ, ನೀನು ಕುಡೀತೀಯೋ?” ಎಂದರು. ಎಲ್ಲರೂ ನಕ್ಕರು. ಅವತ್ತಿನಿಂದ ಪ್ರತಿ ಓಟ ಮುಗಿದ ಮೇಲೂ ಬಂಕಿನಲ್ಲಿ ಟ್ಯಾಂಕನ್ನು ಕತ್ತಿನವರೆಗೆ ತುಂಬಿಸಿ ನೋಡುತ್ತಾ ಬಂದೆ. ತೆಂಗಿನಕಾಯಿ ಟ್ರ್ಯಾಕ್ಟರುಗಳ ಹಿಂದೆ ಸೆಕೆಂಡ್ ಗೇರಿನಲ್ಲಿ ತೆವಳುವುದರಿಂದ ಹೀಗೆ ಎಂದುಕೊಂಡೆ. ಆಮೇಲೆ ಜಲ್ಲಿ ಸುರಿದ ರಸ್ತೆಯನ್ನು ಬೈದೆ. ಟಯರಿಗೆ ಗಾಳಿ ಹೊಡೆಸಿದೆ. ಆದರೆ ರಸ್ತೆ ಖಾಲಿ ಇದ್ದ ದಿನವೂ ಬೆಳಗಿನ ಓಟಕ್ಕೆ ಲೀಟರಿಗೆ ಒಂಬತ್ತು ಕಿಲೋಮೀಟರ್, ಅದೇ ದಾರಿಗೆ ಮಧ್ಯಾಹ್ನ ಹನ್ನೆರಡು. ಮಂಜು ಬಿದ್ದ ದಿನ ಇನ್ನೂ ಕಡಿಮೆ. ಬೆಳಿಗ್ಗೆ ಶಾಲೆ ಮುಂದೆ ಇಳಿದು ಚಕ್ರ ಮುಟ್ಟಿದರೆ ಕೈ ಸುಡುತ್ತಿತ್ತು. ಬ್ರೇಕ್ ಹಿಡಿದುಕೊಂಡೇ ಗಾಡಿ ಓಡುತ್ತಿತ್ತು, ಭಾಯಿ.

ಇವತ್ತು ಬೆಳಿಗ್ಗೆ ಕೆರೆ ಏರಿಯ ಮೇಲೆ ಎದುರಿಗೆ ಬಸ್ಸು ಬಂತು. ಪೆಡಲ್ ಒತ್ತಿದರೆ ಕಲ್ಲಿನಂತೆ ನಿಂತಿತು, ಗಾಡಿ ನಿಲ್ಲಲಿಲ್ಲ. ಪಕ್ಕದಲ್ಲೇ ತುಂಬಿದ ಕೆರೆ. ಗೇರು ಇಳಿಸಿ ಹ್ಯಾಂಡ್‌ಬ್ರೇಕ್ ಎಳೆದೆ. ಬಸ್ಸಿಗೆ ಒಂದು ಮೊಳ ಇರುವಾಗ ನಿಂತಿತು. “ನಿಧಾನ ಕಣಪ್ಪ” ಎಂದರು ಮೇಡಂ. ಮಗು ಚಪ್ಪಾಳೆ ತಟ್ಟಿ, “ಇನ್ನೊಂದ್ಸಲ ವಾಸಿಫಣ್ಣ!” ಎಂದಳು.

ಶಾಲೆ ಮುಂದೆ ಬ್ರೇಕ್ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದೆ. ಅಂಚಿಗೆ ತುಪ್ಪದಂತೆ ಬೆಳ್ಳಗೆ ಮೆತ್ತಿಕೊಂಡಿತ್ತು. ಮೂಸಿದರೆ ಅಮ್ಮಿಯ ತಲೆಯ ವಾಸನೆ. ಆಗ ನೆನಪಾಯಿತು. ದೀಪಾವಳಿಯ ದಿನ ಯಜಮಾನರ ಹೆಂಡತಿ ಸಿದ್ದಗಂಗಮ್ಮನವರು ನಗುತ್ತಾ, “ನಮ್ಮೋರು ಗಾಡಿಗೂ ಎಣ್ಣೆ ಸ್ನಾನ ಮಾಡ್ಸಿಬುಟ್ರು ಕಣಪ್ಪ, ಡಬ್ಬಿ ಬರಿದಾಗಿತ್ತಂತೆ” ಎಂದಿದ್ದರು. ನಾನು ತಮಾಷೆ ಎಂದುಕೊಂಡು ನಕ್ಕಿದ್ದೆ. ಅವರ ಮನೆಯಲ್ಲಿ ಎಣ್ಣೆ ಎಂದರೆ ಅವರದೇ ಕೊಬ್ಬರಿಯದು. ಬಿಸಿಲಿಗೆ ಕರಗುತ್ತದೆ, ಚಳಿಗೆ ಗಟ್ಟಿಯಾಗುತ್ತದೆ, ಬ್ರೇಕಿನ ಕೊಳವೆಯೊಳಗೂ ಅಷ್ಟೇ.

ಹೇಳೋಣವೆಂದು ಮಂಡಿಯ ಬಾಗಿಲಲ್ಲಿ ನಿಂತೆ. ಮೊದಲೇ ಕಳ್ಳ ಎಂದುಕೊಂಡಿದ್ದಾರೆ. ತಪ್ಪು ನಿಮ್ಮದೇ ಎಂದು ನಾನು ಹೇಗೆ ಹೇಳಲಿ? “ಏನ್ಲಾ, ಅಡ್ವಾನ್ಸ್ ಬೇಕಾ?” ಎಂದರು. ಇಲ್ಲವೆಂದು ತಲೆ ಆಡಿಸಿ ಬಂದುಬಿಟ್ಟೆ. ಮಧ್ಯಾಹ್ನದ ಬಿಸಿಲಿಗೆ ಬ್ರೇಕ್ ಸರಿಯಾಗಿ ಹಿಡಿಯಿತು, ಆದರೂ ನಡೆಯುವ ವೇಗದಲ್ಲಿ ತಾಯಿ ಮಗಳನ್ನು ಕರೆತಂದೆ. ನಾಳೆ ನಾನು ಹೋಗದಿದ್ದರೆ ಮೇಡಂ ಅವರ ಗಂಡ ಯೋಗೀಶ್ ತಾವೇ ಓಡಿಸುತ್ತಾರೆ. ಅವರಿಗೆ ಕೆರೆ ಏರಿಯ ಮೇಲೂ ಟಾಪ್ ಗೇರೇ ಬೇಕು.

ಭಾಭಿಗೆ ಸಲಾಂ, ಮಕ್ಕಳಿಗೆ ಮುತ್ತು. ಅಮ್ಮಿಯ ದುವಾ ಸದಾ ನಿನ್ನ ಮೇಲಿದೆ. ಅವಳಿಗೆ ಇದೇನೂ ಗೊತ್ತಿಲ್ಲ.

ನಿನ್ನ ತಮ್ಮ,
ವಾಸಿಫ್

ಮರೆತಿದ್ದೆ: ಈ ಕವರನ್ನು ಹಾಸನದ ಬಸ್ಸಿನ ಕಂಡಕ್ಟರ್ ಹುಚ್ಚರಂಗಯ್ಯನವರ ಕೈಗೆ ಕೊಡುತ್ತಿದ್ದೇನೆ. ನಿಧಾನವಾಗಿ ಒಡೆ, ಒಳಗೆ ಕಾರಿನ ಉಳಿದ ಒಂದೇ ಕೀಲಿ ಇದೆ. ನಾಳೆ ಬೆಳಿಗ್ಗೆ ಯಜಮಾನರು ಕೀಲಿ ಕೇಳಿದಾಗ ನಾನು ಬಾಯಿ ಮುಚ್ಚಿ ನಿಂತಿರುತ್ತೇನೆ, ಹೊಡೆದರೂ ಸರಿ. ಮೊದಲ ಬಸ್ಸಿಗೇ ಬಾ ಭಾಯಿ. ಬಂದು ನೀನೇ ಹೇಳು.