ಹುಲ್ಲಿನ ಟೋಪಿ, ಕಲ್ಲಿನ ನೀರು

ಫೊಂತ್‌ಸಾಲೆ, ಓವೆರ್ನ್ಯ್
ಸೋಮವಾರ, ೨೧ ಅಕ್ಟೋಬರ್ ೧೯೭೪

ಮಾನ್ಯರೇ, ಮಹನೀಯರೇ, ದೂರದೂರಿನಿಂದ ಬಂದ ಜಾಣರೇ, ಜಾಣೆಯರೇ!

ತಲೆ ಬಗ್ಗಿಸಿ, ದನಿ ತಗ್ಗಿಸಿ, ಹೊಟ್ಟೆಯಿದ್ದವರು ಉಸಿರು ಕುಗ್ಗಿಸಿ! ಈ ಗುಹೆಯಲ್ಲಿ ತೊಟ್ಟಿಕ್ಕುತ್ತಿರುವುದು ಬರೀ ನೀರಲ್ಲ, ಆರಿಹೋದ ಜ್ವಾಲಾಮುಖಿಯ ಬೆವರು. ಇದರ ಕೆಳಗೆ ಸೇಬಿಟ್ಟರೆ ಕಲ್ಲು, ಹಕ್ಕಿಗೂಡಿಟ್ಟರೆ ಕಲ್ಲು. ಅತ್ತೆಯ ನಾಲಿಗೆ ಇಟ್ಟರೆ ಮಾತ್ರ ನೀರೇ ಅಂದೀತು: ಇದು ಮೊದಲೇ ಕಲ್ಲು, ನಾನೊಲ್ಲೆ!

ಕ್ಷಮಿಸಿ ಭಾವ. ಅಪ್ಪ ಹೋದಂದಿನಿಂದ ಗುಹೆಯ ಬಾಗಿಲಲ್ಲಿ ನಿಂತು ಇದನ್ನೇ ಒದರುತ್ತ ಬಂದವನಿಗೆ, ಪೆನ್ನು ಹಿಡಿದರೂ ಮೊದಲು ಇದೇ ಬರುತ್ತದೆ. ಈಗ ಸರಿಯಾಗಿ ಶುರು ಮಾಡುತ್ತೇನೆ.

ಪ್ರೀತಿಯ ರೆಮಿ ಭಾವನಿಗೆ ಗಾಸ್ಪಾರ್ ಮಾಡುವ ನಮಸ್ಕಾರ.

ನಾವಿಲ್ಲಿ ಕ್ಷೇಮ. ನನ್ನಾಕೆ ಮಾತಿಲ್ದಳ ಬೆನ್ನುನೋವು ಕ್ಷೇಮ, ನನ್ನ ಕೆಮ್ಮು ಅದಕ್ಕಿಂತ ಕ್ಷೇಮ. ನಿಮ್ಮ ಎರಡು ಪತ್ರಗಳೂ ಕೈಸೇರಿವೆ. ಅಡುಗೆಮನೆಯ ಗಡಿಯಾರದ ಕೆಳಗೆ ಇಟ್ಟಿದ್ದೇನೆ. ಹೊತ್ತು ನೋಡುವಾಗಲೆಲ್ಲ ಅವು ನನ್ನನ್ನು ನೋಡುತ್ತವೆ. ಉತ್ತರ ತಡವಾಯಿತು. ಪ್ರವಾಸಿಗರ ಗದ್ದಲ, ಹಸುಗಳು ಬೆಟ್ಟದಿಂದ ಇಳಿಯುವ ಗಲಾಟೆ, ಈ ಹಾಳು ಕೆಮ್ಮು; ಮೂರರಲ್ಲಿ ನಿಮಗೆ ಒಪ್ಪಿಗೆಯಾದ ನೆಪವನ್ನು ಆರಿಸಿಕೊಳ್ಳಿ.

ಗುರುವಾರದ ರೈಲಿಗೆ ಬರುತ್ತೇನೆಂದು ಬರೆದಿದ್ದೀರಿ. ಕಲ್ಲಾಗಲೆಂದು ಇಟ್ಟ ಯೂಜೆನಿ ಅಕ್ಕನ ಹುಲ್ಲಿನ ಟೋಪಿಯನ್ನು ಗುಹೆಯಿಂದ ಎತ್ತಿಕೊಂಡು, ಸತ್ತವರ ಹಬ್ಬದ ದಿನ ನಿಮ್ಮ ಕೈಯಾರೆ ನಾಂತ್‌ನಲ್ಲಿ ಅವಳ ಸಮಾಧಿಯ ಮೇಲೆ ಇಡುತ್ತೇನೆಂದೂ ಬರೆದಿದ್ದೀರಿ. ‘ಊರಿನವರೆಲ್ಲ ಸೇವಂತಿಗೆ ಇಡಲಿ, ಅವು ವಾರದಲ್ಲಿ ಬಾಡುತ್ತವೆ. ನಾನು ಬಾಡದ್ದನ್ನು ಇಡುತ್ತೇನೆ’ ಎಂಬ ನಿಮ್ಮ ಸಾಲನ್ನು ಮಾತಿಲ್ದ ಗಟ್ಟಿಯಾಗಿ ಓದಿ, ಆಮೇಲೆ ಪಾತ್ರೆ ತೊಳೆಯಲು ಹೋದಳು. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಭಾವ, ನನ್ನದೊಂದು ಸಲಹೆ. ಗುರುವಾರವೇ ನಮ್ಮೂರಿಗೆ ಬರಬೇಕೆಂದೇನಿದೆ? ಈ ಸೀಮೆಯ ಅಳಿಯನಾಗಿ ಇಷ್ಟು ವರ್ಷ ಕಳೆದಿರಿ, ಒಂದು ದಿನವಾದರೂ ಕಣ್ಣುತುಂಬ ನೋಡಿದ್ದೀರಾ? ಬಂದಾಗಲೆಲ್ಲ ಮಾವನ ಜೊತೆ ಇಸ್ಪೀಟು, ಅಕ್ಕನ ಜೊತೆ ಜಗಳ, ಮತ್ತೆ ರೈಲು. ಈ ಸಲ ನಮ್ಮ ಸ್ಟೇಷನ್ ಇಸ್ಸುವಾರ್‌ವರೆಗೆ ಬರಬೇಡಿ, ಕ್ಲೆರ್ಮೊಂನಲ್ಲೇ ಇಳಿದುಬಿಡಿ. ಅಲ್ಲಿಯ ದೊಡ್ಡ ಇಗರ್ಜಿ ನೋಡಿ. ಲಾವಾ ಕಲ್ಲಿನಲ್ಲಿ ಕಟ್ಟಿದ್ದು, ಒಲೆಯೊಳಗಿಂದ ಈಗಷ್ಟೇ ಹೊರಗೆಳೆದ ಹಾಗೆ ಕಪ್ಪಗಿದೆ. ಶುಕ್ರವಾರ ಪ್ಯುಯಿ-ದ-ದೋಮ್ ಬೆಟ್ಟ ಹತ್ತಿ. ಮೇಲೆ ನಿಂತರೆ ಸತ್ತ ಜ್ವಾಲಾಮುಖಿಗಳ ಸಾಲು, ಹಸಿರು ಕಂಬಳಿ ಹೊದ್ದು ಮಲಗಿದ ಹಾಗೆ. ಶನಿವಾರ ಪಾವೆನ್ ಸರೋವರ. ಗುಂಡನೆಯ ಕೊಳ, ತಳ ಕಾಣದ ಆಳ. ಕಲ್ಲೆಸೆದರೆ ಬಿರುಗಾಳಿ ಏಳುತ್ತದೆಂದು ನಮ್ಮ ಅಜ್ಜಿಯರು ಹೆದರಿಸುತ್ತಿದ್ದರು. ನೀವು ಎಸೆದು ನೋಡಿ, ಎದ್ದರೆ ರೈಲೂ ನಿಲ್ಲುತ್ತದೆ, ಇನ್ನೆರಡು ದಿನ ಅಲ್ಲೇ ಇರಬಹುದು. ಭಾನುವಾರ ಮ್ಯುರೋಲ್ ಕೋಟೆ. ಸೋಮವಾರ ಯಾವುದಾದರೂ ನೆಲಮಾಳಿಗೆಗೆ ಹೋಗಿ ಚೀಸ್ ಮಾಗುವುದನ್ನು ನೋಡಿ. ರೈ ಹುಲ್ಲು ಹಾಸಿ ಅದರ ಮೇಲೆ ಸಾಲಾಗಿ ಮಲಗಿಸಿರುತ್ತಾರೆ, ಬಾಣಂತಿ ಕೋಣೆಯ ಕೂಸುಗಳ ಹಾಗೆ. ಸಂಜೆ ಎಲ್ಲಿಯಾದರೂ ಬೆಂಕಿಯ ಮುಂದೆ ಕೂತು, ಆಲೂಗಡ್ಡೆಗೆ ಎಳೆ ಚೀಸ್ ಕರಗಿಸಿದ ತ್ರುಫಾದ್ ತಿಂದು, ಬೆಟ್ಟದ ಬೇರಿನ ಕಹಿ ಸಾರಾಯಿ ಒಂದು ಲೋಟ ಕುಡಿಯಿರಿ. ಎಲ್ಲವೂ ಮರೆತುಹೋಗುತ್ತದೆ.

ಗುಹೆಗೆ ಮಾತ್ರ ಅವಸರ ಬೇಡ. ಅಲ್ಲಿ ಥಂಡಿ, ನಿಮ್ಮ ಮೊಣಕಾಲಿಗೆ ಆಗದು. ಟೋಪಿಯನ್ನು ನಾನೇ ಆಮೇಲೆ ನಾಂತ್‌ಗೆ ಕಳಿಸಿದರೆ ಹೇಗೆ? ಮುಂದಿನ ವರ್ಷದ ಹಬ್ಬಕ್ಕೆ ಇಟ್ಟರೂ ಅಕ್ಕ ಬೇಸರ ಮಾಡಿಕೊಳ್ಳುವವಳಲ್ಲ. ಬದುಕಿದ್ದಾಗ ಅವಳು ಯಾವುದಕ್ಕೆ ಅವಸರ ಮಾಡಿದ್ದಳು? ಟೋಪಿ ತಲೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುತ್ತಿದ್ದಳು. ಹುಲ್ಲು ಕೊಯ್ಲಿಗೆ ಎಲ್ಲರೂ ಹೊಲ ಸೇರಿದ ಮೇಲೆ, ಅದೇ ಟೋಪಿ ಬೇಲಿಯಾಚೆ ನಿಧಾನವಾಗಿ ತೇಲಿ ಬರುತ್ತಿತ್ತು.

ಇಲ್ಲಿಯವರೆಗೆ ಬರೆದದ್ದನ್ನು ಮಾತಿಲ್ದ ನನ್ನ ಭುಜದ ಮೇಲಿಂದ ಓದಿದಳು.

“ಏನಿದು, ಪತ್ರಾನಾ, ಪ್ರವಾಸಿ ಕಚೇರಿಯ ಜಾಹೀರಾತಾ?”

“ಭಾವನಿಗೆ ಊರು ತೋರಿಸೋಣ ಅಂತ.”

“ಊರು ತೋರಿಸ್ತೀಯೋ, ಊರಿಂದ ದೂರ ಅಟ್ಟುತ್ತೀಯೋ? ನೋಡು ಗಾಸ್ಪಾರ್, ನಾಲ್ಕಕ್ಕೆ ಅಂಚೆ ವ್ಯಾನು ಬರುತ್ತೆ. ಅಷ್ಟರಲ್ಲಿ ಇದ್ದದ್ದನ್ನ ಇದ್ದ ಹಾಗೆ ಬರಿ. ಇಲ್ಲಾಂದ್ರೆ ಗುರುವಾರ ನಾನೇ ಸ್ಟೇಷನ್‌ಗೆ ಹೋಗ್ತೀನಿ. ಆ ಮನುಷ್ಯ ರೈಲಿಂದ ಒಂದು ಕಾಲು ಕೆಳಗಿಟ್ಟಿರಬೇಕು, ಇನ್ನೊಂದು ಕಾಲು ಇಡೋದ್ರೊಳಗೆ ಎಲ್ಲ ಹೇಳಿಬಿಡ್ತೀನಿ.”

“ಪ್ಲಾಟ್‌ಫಾರಂ ಮೇಲೆ? ಜನರ ಮುಂದೆ?”

“ಹೌದು, ಜನರ ಮುಂದೆ. ನಿನಗೆ ಜನರ ಮುಂದೆ ಮಾತಾಡೋದು ಇಷ್ಟ ಅಲ್ವಾ?”

ಹೇಳಿದಂತೆ ಮಾಡುವವಳು, ನಿಮಗೆ ಗೊತ್ತು. ಈಗ ಮೂರೂ ಕಾಲು.

ಬೇರೆ ಸುದ್ದಿ ಹೇಳುತ್ತೇನೆ. ಗುಹೆಯಲ್ಲಿ ಬಂದವರಿಗೆಲ್ಲ ‘ಬೆರಳದ್ದಿ, ನಾಲಿಗೆಗೆ ಮುಟ್ಟಿಸಿ, ಕಣ್ಣೀರಿನಷ್ಟೇ ಉಪ್ಪು, ಕಣ್ಣೀರಿನಷ್ಟೇ ಬಿಸಿ’ ಎಂದು ಹೇಳುತ್ತಿದ್ದೆನಲ್ಲ, ಈ ಬೇಸಿಗೆಯಲ್ಲಿ ಅದನ್ನು ಕೈಬಿಟ್ಟೆ. ನೀರು ಮುಟ್ಟಬಾರದೆಂದು ಹಗ್ಗ ಕಟ್ಟಿದೆ. ಎಲ್ಲರೂ ಹಗ್ಗಕ್ಕೆ ಬೆಲೆ ಕೊಟ್ಟರು, ಮೊನ್ನೆ ಶನಿವಾರ ಬಂದ ಒಬ್ಬ ಮುದುಕರನ್ನು ಬಿಟ್ಟು. ಲಿಯೋನ್ ಕಡೆಯವರು, ಔಷಧಿ ಅಂಗಡಿ ನಡೆಸಿ ನಿವೃತ್ತರಾದವರಂತೆ. ನಾನು ಹಕ್ಕಿಗೂಡಿನ ಪ್ರಾಸದಲ್ಲಿದ್ದಾಗ ಅವರು ಹಗ್ಗದ ಕೆಳಗಿಂದ ಕೈಚಾಚಿ, ಕಲ್ಲಾಗಬೇಕಾದ ವಸ್ತುಗಳನ್ನಿಡುವ ಮರದ ಏಣಿಯ ಮೇಲಿಂದ ಇಳಿಯುತ್ತಿದ್ದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದೇಬಿಟ್ಟರು. ಗುಂಪಿನಲ್ಲಿ ಎಂಟು ಹತ್ತು ಜನ.

ಮುದುಕರು ಬಾಯಿ ಚಪ್ಪರಿಸಿದರು. ನನ್ನ ಮುಖ ನೋಡಿದರು. ಮತ್ತೆ ಚಪ್ಪರಿಸಿದರು.

“ತಣ್ಣಗಿದೆ,” ಅಂದರು.

“ಅಕ್ಟೋಬರ್ ಅಲ್ವಾ ಸ್ವಾಮಿ,” ಅಂದೆ.

“ಬೆಟ್ಟದ ಹೊಟ್ಟೆಗೂ ಅಕ್ಟೋಬರ್ ಬರುತ್ತಾ?”

ಯಾರೋ ಕಿಸಕ್ಕನೆ ನಕ್ಕರು. ಅವರು ನಗಲಿಲ್ಲ. ಕರವಸ್ತ್ರದಲ್ಲಿ ಕೈ ಒರೆಸಿಕೊಂಡು, ಹೊರಗೆ ಹೋಗುವಾಗ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ, “ನಮ್ಮನೆ ನಲ್ಲಿಯ ನೀರೂ ಇದೇ ರುಚಿ ಕಣಪ್ಪಾ,” ಅಂದರು. ಟೋಪಿ ಎತ್ತಿ ನಮಸ್ಕರಿಸಿ ಬಸ್ಸು ಹತ್ತಿದರು. ಆ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನಾನು ಬಾಗಿಲ ಕಂಬ ಹಿಡಿದು ನಿಂತಿದ್ದೆ.

ಇವತ್ತು ಬೆಳಿಗ್ಗೆ ಇನ್ನೊಂದು. ಕೆಳಮನೆಯ ವಿಧವೆ ಮದಾಮ್ ಶಾಬ್ರಿಯೆ ನಿಮಗೆ ನೆನಪಿದ್ದಾರಲ್ಲ, ನಿಮ್ಮ ಮದುವೆಯಲ್ಲಿ ಪಾದ್ರಿಗಿಂತ ಹೆಚ್ಚು ಮಾತಾಡಿದವರು. ಒಂದು ಎಲೆಕೋಸನ್ನು ಕಂಕುಳಲ್ಲಿ ಅವುಚಿಕೊಂಡು ಬಂದು ನಮ್ಮ ಮೇಜಿನ ಮೇಲೆ ಕುಕ್ಕಿದರು. ಕುಕ್ಕಿದ ಸದ್ದು ಕೋಸಿನದಾಗಿರಲಿಲ್ಲ. ಹೊರಗಿನ ಎಲೆಗಳ ಮೇಲೆಲ್ಲ ಬಿಳಿ ಹೊಪ್ಪಳೆ.

“ಏನಪ್ಪಾ ಗಾಸ್ಪಾರ್, ಇದನ್ನ ಬೇಯಿಸಲೋ, ಗೋಡೆಗೆ ಇಟ್ಟು ಗಾರೆ ಮಾಡಲೋ?”

“ಎಲ್ಲಿಂದ ಬಂತು ಇದು?”

“ನನ್ನ ಹಿತ್ತಲಿಂದ. ಬೇಸಿಗೆಯಿಂದ ಅಲ್ಲಿ ಬಿಸಿನೀರು ಜಿನುಗ್ತಾ ಇದೆ. ಮೊದಮೊದಲು ಸಂತೋಷಪಟ್ಟೆ, ಕಾಲು ಅದ್ದಿ ಕೂತ್ಕೋಬಹುದು ಅಂತ. ಈಗ ನೋಡು, ಕೋಸೆಲ್ಲ ಪ್ರತಿಮೆ ಆಗ್ತಿದೆ! ನಿನ್ನ ನೀರು ನಿನ್ನ ಮನೆ ಬಿಟ್ಟು ಒಂಟಿ ಹೆಂಗಸಿನ ಹಿತ್ತಲಿಗೆ ಯಾಕಪ್ಪಾ ಬಂತು?”

ಮಾತಿಲ್ದ ಬೆನ್ನು ತಿರುಗಿಸಿ ಒಲೆಯ ಕಡೆ ನಿಂತಿದ್ದಳು. ಅವಳ ಭುಜ ಕುಲುಕುತ್ತಿತ್ತು. ನಗುವೋ ಅಳುವೋ ತಿಳಿಯಲಿಲ್ಲ. ಮುದುಕಿಯ ಕಣ್ಣು ಕಪಾಟಿನ ಮೇಲಕ್ಕೆ ಹೋಯಿತು. ಅಲ್ಲಿದ್ದದ್ದನ್ನು ಕಂಡು ಅವರ ದನಿ ಇಳಿಯಿತು.

“ಅದು ಯೂಜೆನಿದಲ್ವಾ? ಇನ್ನೂ ಹೀಗೇ ಇದೆ! ರೆಮಿ ಬರ್ತಾನಲ್ಲೋ, ಏನು ಕೊಡ್ತೀಯ ಅವನಿಗೆ? ತಾ ಇಲ್ಲಿ, ನನ್ನ ಕೋಸಿನ ಮಧ್ಯೆ ಇಡ್ತೀನಿ. ವಸಂತ ಬರೋಷ್ಟರಲ್ಲಿ ಗಟ್ಟಿ ಆಗುತ್ತೆ.”

“ಬೇಡ,” ಅಂದೆ. ನನಗೇ ಆಶ್ಚರ್ಯವಾಗುವಷ್ಟು ಜೋರಾಗಿ ಅಂದೆ. ಅವರು ಕೋಸನ್ನು ಅಲ್ಲೇ ಬಿಟ್ಟು ಹೋದರು.

ಮೂರೂ ಮುಕ್ಕಾಲು. ಇನ್ನು ಸುತ್ತಿ ಬಳಸುವುದಕ್ಕೆ ಬೆಟ್ಟಗಳೂ ಉಳಿದಿಲ್ಲ, ಕೋಟೆಗಳೂ ಉಳಿದಿಲ್ಲ.

ಗುಹೆಯಲ್ಲಿ ನೀರಿಲ್ಲ, ಭಾವ. ಜುಲೈಯಲ್ಲೇ ನಿಂತುಹೋಯಿತು. ಈಗ ಏಣಿಯ ಮೇಲೆ ಇಳಿಯುತ್ತಿರುವುದು ಹಿಂದಿನ ಗೋಡೆಯಿಂದ ರಬ್ಬರ್ ಕೊಳವೆಯಲ್ಲಿ ತಂದ ನಲ್ಲಿ ನೀರು. ಅದರ ಕೆಳಗೆ ನೂರು ವರ್ಷ ಇಟ್ಟರೂ ಏನೂ ಕಲ್ಲಾಗದು, ಕೊಳೆತೀತು ಅಷ್ಟೆ.

ನೀರು ತಾನಾಗಿ ನಿಲ್ಲಲಿಲ್ಲ, ನಾನೇ ನಿಲ್ಲಿಸಿದೆ. ಚಳಿಗಾಲದಲ್ಲಿ ನೀರು ಹರಿಸುವ ಮರದ ದೋಣಿಗಳಲ್ಲಿ ಕಟ್ಟಿದ ಸುಣ್ಣವನ್ನು ಮರದ ಕೊಡತಿಯಿಂದ ತಟ್ಟಿ ಬಿಡಿಸುತ್ತೇವೆ. ಆದರೆ ಬಂಡೆಯಲ್ಲಿ ನೀರು ಹುಟ್ಟುವ ಬಾಯಿಗೆ ಮಾತ್ರ ಕಬ್ಬಿಣ ಮುಟ್ಟಿಸಬಾರದು. ಅಪ್ಪ ನನಗೆ ಕಲಿಸಿದ ಮೊದಲ ಪಾಠ ಅದು. ಅವರು ಅಲ್ಲಿಗೆ ಹೋಗುವಾಗ ಜೇಬಿನ ಚಾಕುವನ್ನೂ ಹೊರಗಿಡುತ್ತಿದ್ದರು. ಈ ವರ್ಷ ನೀರು ಸಣ್ಣಗೆ ಬರುತ್ತಿತ್ತು. ಟೋಪಿಯನ್ನು ವಾರವಾರ ತಿರುಗಿಸಿ ಇಟ್ಟರೂ ಬಿಳಿಯ ಪೊರೆ ದಪ್ಪವಾಗುತ್ತಿರಲಿಲ್ಲ. ಬಾಯಿ ಸ್ವಲ್ಪ ಅಗಲವಾದರೆ ನೀರು ಹೆಚ್ಚೀತು, ಹಬ್ಬದೊಳಗೆ ಟೋಪಿ ಸಿದ್ಧವಾದೀತು ಎಂದುಕೊಂಡು ಉಳಿ ಇಟ್ಟು ಹೊಡೆದೆ. ಒಂದೇ ಏಟಿಗೆ ನೀರು ತೋಳಿನಷ್ಟು ದಪ್ಪವಾಗಿ ಬಂತು. ನಾನು ಮಕ್ಕಳ ಹಾಗೆ ಕುಣಿದೆ. ಮರುದಿನ ಬಂಡೆಯೊಳಗೆ ಗಂಟಲು ಸರಿಮಾಡಿಕೊಂಡಂಥ ಒಂದು ಸದ್ದು. ಆಮೇಲೆ ಏನೂ ಇಲ್ಲ. ಹೊಸ ಬಿರುಕು ಹಿಡಿದು ನೀರು ಕೆಳಗಿಳಿದಿತ್ತು. ಎಲ್ಲಿಗೆ ಹೋಯಿತೆಂದು ಇವತ್ತು ಕೋಸು ಹೇಳಿತು.

ಟೋಪಿಯನ್ನು ಅಂದೇ ತೆಗೆದು ಒಣಗಿಸಿ ಕಪಾಟಿನ ಮೇಲಿಟ್ಟೆ. ಹೊರಗೆ ಸಕ್ಕರೆ ಉದುರಿಸಿದಷ್ಟು ತೆಳುವಾದ ಕಲ್ಲು. ಒಳಗೆ ಇನ್ನೂ ಹುಲ್ಲೇ. ಒಳಪಟ್ಟಿಯ ಹತ್ತಿರ ಮೂಗಿಟ್ಟರೆ ಹುಲ್ಲು ಕೊಯ್ಲಿನ ವಾಸನೆ, ಅಕ್ಕನ ಕೂದಲಿನ ವಾಸನೆ ಇನ್ನೂ ಇದೆ. ಅದನ್ನು ಶಾಬ್ರಿಯೆ ಅಜ್ಜಿಯ ಹಿತ್ತಲಲ್ಲಿ ಇಡಬೇಕೋ, ಇದ್ದ ಹಾಗೇ ಸಮಾಧಿಯ ಮೇಲಿಟ್ಟು ಮಳೆಗೆ ಬಿಡಬೇಕೋ, ನೀವು ಹೇಳಿದ ಹಾಗೆ ಮಾಡುತ್ತೇನೆ. ನೀವು ಬೈದರೆ ಬೈಸಿಕೊಳ್ಳುತ್ತೇನೆ. ಗುಹೆಗೆ ಈ ವಾರವೇ ಬೀಗ ಹಾಕುತ್ತೇನೆ. ಆ ಔಷಧಿ ಅಂಗಡಿಯ ಮುದುಕರಿಗೆ ಟೋಪಿ ಎತ್ತಿ ನಮಸ್ಕರಿಸಲು ನನಗೆ ಧೈರ್ಯ ಬರಲಿಲ್ಲವಲ್ಲ, ಅದರ ಬದಲಿಗೆ.

ಬೆಟ್ಟಗಳನ್ನು ನೋಡುವುದು ಬೇಡ. ನೇರವಾಗಿ ಮನೆಗೆ ಬನ್ನಿ. ಸ್ಟೇಷನ್‌ಗೆ ನಾನೇ ಬರುತ್ತೇನೆ. ದಾರಿಯಲ್ಲಿ ಥಂಡಿ ಇರುತ್ತದೆ, ಅಕ್ಕ ಹೆಣೆದ ಶಾಲು ಸುತ್ತಿಕೊಳ್ಳಿ. ದೇವರು ನಿಮ್ಮ ಮೊಣಕಾಲಿಗೂ ಮನಸ್ಸಿಗೂ ಬಲ ಕೊಡಲಿ.

ನಿಮ್ಮ ಮೈದುನ,
ಗಾಸ್ಪಾರ್

ಮರೆತದ್ದು: ಮಾತಿಲ್ದ ಕೋಟು ಹಾಕಿಕೊಳ್ಳಲು ಒಳಗೆ ಹೋಗಿದ್ದಾಳೆ, ವ್ಯಾನಿನ ಸದ್ದು ಕೇಳುತ್ತಿದೆ. ಹಬ್ಬಕ್ಕೆ ಬೇಗ ಆಗಲಿ ಎಂದು ಉಳಿ ಹಿಡಿದೆನೆಂದು ಮೇಲೆ ಬರೆದೆನಲ್ಲ, ಅದು ಅವಳಿಗೆ ಹೇಳಿದ ಕಾರಣ. ಈಸ್ಟರ್‌ನಲ್ಲಿ ಗುಹೆ ತೆರೆದ ದಿನವೇ ಯಾರೋ ‘ಆ ಟೋಪಿ ಯಾರದು’ ಎಂದು ಕೇಳಿದರು. ನನ್ನ ಅಕ್ಕನದು ಎನ್ನಲು ಬಾಯಿ ಬರಲಿಲ್ಲ, ಪ್ರಾಸ ಬಂತು: ‘ಅವಸರದ ಹೆಂಗಸೊಬ್ಬಳು ಬಂದಳು, ಟೋಪಿ ಮರೆತಳು, ತಲೆ ಒಯ್ದಳು!’ ಜನ ನಕ್ಕರು. ನಕ್ಕರೆಂದು ಮರುದಿನವೂ ಹೇಳಿದೆ. ಪ್ರತಿ ಗುಂಪಿಗೂ ಹೇಳಿದೆ, ಪ್ರತಿ ಗುಂಪೂ ನಕ್ಕಿತು. ಜುಲೈಯಲ್ಲಿ ಒಂದು ಪುಟ್ಟ ಹುಡುಗಿ ಮಾತ್ರ ನಗದೆ, ‘ಮತ್ತೆ ಅವಳು ಹುಡುಕಿಕೊಂಡು ಬರಲೇ ಇಲ್ವಾ?’ ಎಂದು ಕೇಳಿದಳು. ಆ ಸಂಜೆ ಉಳಿ ತಂದೆ. ಹಬ್ಬಕ್ಕಲ್ಲ, ಭಾವ. ಆ ಟೋಪಿ ಬೇಗ ಕಲ್ಲಾಗಿ ನನ್ನ ಕಣ್ಣೆದುರಿನಿಂದ ಒಮ್ಮೆ ಹೋಗಿಬಿಡಲಿ ಅಂತ.