ಗುಬ್ಬಿ ಬರೆದ ಕ್ಷೇಮ ಸಮಾಚಾರ

ಹೊಲಿಗೆ ಕೋಣೆಯಿಂದ,
ಗುರುವಾರ, ಅಕ್ಟೋಬರ್ ೯

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಇಸ್ತ್ರಿಯ ಹಬೆಗೆ ಅಂಗೈ ಸುಲಿಯುತ್ತಿದೆ ಅಂದಿದ್ದೆಯಲ್ಲ, ವಾಸಿಯಾಯಿತೇ? ಹಡಗು ತೂಗಾಡಿದಾಗ ಈಗಲೂ ಹೊಟ್ಟೆ ತೊಳಸುತ್ತದೆಯೋ, ರೂಢಿಯಾಯಿತೋ? ನಾನು ಆರಾಮಾಗಿದ್ದೇನೆ. ಕಾಗದ ನೋಡಿ ಗಾಬರಿಯಾಗಬೇಡ. ನಿನ್ನ ಜೊತೆ ಬಟ್ಟೆ ಒಗೆಯುವವರು ಈ ಕಾಲದಲ್ಲೂ ಕಾಗದವೇ ಎಂದು ನಕ್ಕರೆ ನಗಲಿ. ನಿಮ್ಮ ಕಂಪನಿಯ ಆಫೀಸಿನವರು ಮುಂದಿನ ಬಂದರಿನಲ್ಲಿ ನಿನ್ನ ಕೈಗೆ ಮುಟ್ಟಿಸುತ್ತೇವೆ ಅಂದಿದ್ದಾರೆ. ನಾಲ್ಕನೇ ಕ್ಲಾಸಿಗೇ ಪಾಟಿ ಕೆಳಗಿಟ್ಟು ಶಾಲೆ ಬಿಟ್ಟವಳು ನಾನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಮೆಸೇಜಿನಲ್ಲಿ ಯಾಕೆ ಹೇಳಲಿಲ್ಲ ಅನ್ನುತ್ತೀಯ. ಅದನ್ನೇ ಮೊದಲು ಹೇಳಬೇಕು. ನಿನಗೆ ಗೊತ್ತಲ್ಲ, ನನ್ನದು ಗುಂಡಿ ಒತ್ತುವ ಹಳೇ ಫೋನು. ನಿನ್ನ ಮೆಸೇಜುಗಳೆಲ್ಲ ಬರುವುದು ನಿನ್ನ ಮಗಳು ಗುಬ್ಬಿಯ ಫೋನಿಗೆ. ನಾನು ಮಷಿನ್ ತುಳಿಯುತ್ತಾ ಹೇಳುತ್ತಿದ್ದೆ, ಅವಳು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಟೈಪ್ ಮಾಡುತ್ತಿದ್ದಳು. ಆಮೇಲೆ ನಿನ್ನ ಉತ್ತರವನ್ನೂ ಅವಳೇ ಓದುತ್ತಿದ್ದಳು. ಎರಡು ತಿಂಗಳ ಹಿಂದೆ ನಾನು, "ಗುಬ್ಬಿ ಸರಿಯಾಗಿ ಉಣ್ತಿಲ್ಲ, ಯಾರ ಹತ್ರಾನೂ ಮಾತಾಡ್ತಿಲ್ಲ ಅಂತ ಬರಿ" ಅಂದೆ. ಬರೆದಳು. ಮರುದಿನ, "ಅಮ್ಮ ಹೇಳಿದಾಳೆ, ಆ ವಯಸ್ಸಲ್ಲಿ ನಾನೂ ಹಾಗೇ ಇದ್ದೆ, ನೀನು ತಲೆ ಕೆಡಿಸ್ಕೋಬೇಡ ಅಂತ" ಎಂದು ಓದಿದಳು. ನನಗೆ ಸಮಾಧಾನವಾಯಿತು. ಅಕ್ಕಾ, ನಾನು ಹೇಳಿದ್ದು ನಿನಗೆ ಬಂದಿರಲೇ ಇಲ್ಲ ಎಂದು ಈ ವಾರ ಅವಳ ಬಾಯಿಂದಲೇ ತಿಳಿಯಿತು. ನೀನು ಹಾಗೆ ಹೇಳಿಯೂ ಇರಲಿಲ್ಲ. ಅವಳು ಚೆನ್ನಾಗಿದ್ದಾಳೆಂಬ ಸುದ್ದಿಯನ್ನು ನಮ್ಮಿಬ್ಬರಿಗೂ ಅವಳೇ ಬರೆದು ಕೊಡುತ್ತಿದ್ದಳು.

ಸೋಮವಾರ ಬೆಳಗ್ಗೆ ಶಾಲೆಯ ಮೆಟ್ಟಿಲ ಮೇಲೆ ಬಿದ್ದಳು. ಪೆಟ್ಟೇನೂ ಇಲ್ಲ, ಮೊಣಕೈ ತರಚಿದೆ ಅಷ್ಟೇ. ತಲೆ ಸುತ್ತಿ ಬಿದ್ದದ್ದು. ಲೆಕ್ಕದ ಟೀಚರ್ ಫೋನು ಮಾಡಿ, "ನಿಮ್ಮ ಹುಡುಗಿ ಊಟದ ಡಬ್ಬಿ ತೆಗೆದದ್ದು ನಾನಂತೂ ನೋಡಿಲ್ಲ" ಅಂದರು. ದಿನಾ ಖಾಲಿ ಡಬ್ಬಿ ತೊಳೆದಿಡುತ್ತಿದ್ದವಳು ನಾನು! ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅವರು ಅವಳನ್ನು ತೂಕ ಮಾಡಿದರು, ನಾಡಿ ನೋಡಿದರು, ಆಮೇಲೆ ನಿದ್ದೆಯ ಬಗ್ಗೆ, ಫೋನಿನ ಬಗ್ಗೆ ಬಹಳ ಹೊತ್ತು ಮೆತ್ತಗೆ ಕೇಳಿದರು. ಅವಳು ನೆಲ ನೋಡುತ್ತಾ ಒಂದೊಂದೇ ಹೇಳಿದಳು. ನಾನು ಪಕ್ಕದಲ್ಲಿದ್ದೂ ಪರವೂರಿನವಳಂತೆ ಕೇಳಿಸಿಕೊಂಡೆ.

ಬೇಸಿಗೆಯಲ್ಲಿ ಅವಳ ಕ್ಲಾಸಿನವರು ಒಂದು ಗುಂಪಿನಲ್ಲಿ ಅವಳ ಫೋಟೋ ಹಾಕಿ ಕೆಳಗೆ, "ಗುಬ್ಬಿ ಅಂತೆ, ಆನೆಗುಬ್ಬಿ" ಎಂದು ಬರೆದಿದ್ದರಂತೆ. ನಾವು ಮುದ್ದಿಗೆ ಇಟ್ಟ ಹೆಸರು. ನಲವತ್ತು ಜನ ನಗುವ ಗುರುತು ಒತ್ತಿದ್ದರು, ಅದರಲ್ಲಿ ಇಲ್ಲಿಗೆ ಬಂದು ಪುಕ್ಕಟೆಯಾಗಿ ಗುಂಡಿ ಹೊಲಿಸಿಕೊಂಡು ಹೋಗುವ ಗೆಳತಿಯೂ ಒಬ್ಬಳು. ಅದಾದ ಮೇಲೆ ತೆಳ್ಳಗಾಗುವುದು ಹೇಗೆಂದು ಒಂದೇ ಒಂದು ಸಲ ಹುಡುಕಿದಳಂತೆ. ಆಮೇಲೆ ಹುಡುಕಲೇಬೇಕಿರಲಿಲ್ಲ, ಒಂದರ ಹಿಂದೆ ಒಂದು ವಿಡಿಯೋ ತಾನಾಗಿಯೇ ಬರತೊಡಗಿತು. ನಿನ್ನೆ ಅವಳ ಜೊತೆ ಕೂತು ನಾನೂ ನೋಡಿದೆ. ಕಾಲು ಗಂಟೆಯಾಗಿರಬೇಕು, ಎದ್ದು ಹೋಗಿ ಟ್ರಯಲ್ ಕನ್ನಡಿಯಲ್ಲಿ ನನ್ನ ತೋಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡೆ. ನಾಚಿಕೆಯಾಯಿತು. ನಾನು ಮದುವೆಗೆ ಬಂದ ಹೆಣ್ಣು, ಅವಳಿಗೆ ಹದಿಮೂರು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮೂರು ಸಲ ಯೂನಿಫಾರ್ಮ್ ತಂದು, "ಚಿಕ್ಕಮ್ಮ, ಸೊಂಟದಲ್ಲಿ ಒಳಗೆ ಹಿಡಿ" ಅಂದಳು. ಮೂರು ಸಲವೂ ಹಿಡಿದುಕೊಟ್ಟೆ. ಊರಿನ ಹೆಂಗಸರೆಲ್ಲ ಬಿಚ್ಚಿ ಅಗಲ ಮಾಡಿಸಿಕೊಳ್ಳಲು ಬರುತ್ತಾರೆ, ನಮ್ಮ ಮನೆಯವಳು ಮಾತ್ರ ಕಡಿಮೆ ಮಾಡಿಸಿಕೊಳ್ಳುತ್ತಾಳೆ ಎಂದು ಗಿರಾಕಿಗಳ ಮುಂದೆ ಜಂಬ ಕೊಚ್ಚಿದೆ. ಟೇಪು ನನ್ನ ಕೊರಳಲ್ಲೇ ಇತ್ತು, ಅಳತೆಯ ಪುಸ್ತಕದಲ್ಲಿ ನನ್ನದೇ ಕೈಬರಹವಿತ್ತು. ಬೆಳೆಯುವ ಹುಡುಗಿಯ ಅಳತೆ ಹಿಂದಕ್ಕೆ ಹೋಗುತ್ತದೆಯೇ ಎಂದು ಒಂದು ಸಲವೂ ತಲೆಗೆ ಹೊಳೆಯಲಿಲ್ಲ. ನೀನು ಬೇಜಾರು ಮಾಡಿಕೊಳ್ಳದಿದ್ದರೆ ಇನ್ನೊಂದು ಮಾತು. ಅವಳ ಫೋಟೋ ಕೆಳಗೆ ನೀನು, "ನನ್ನ ಮಗಳು ಈಗ ಹೂವಿನ ದಂಟು" ಎಂದು ಬರೆದು ಏಳು ಹೃದಯ ಹಾಕಿದ್ದೆ. ನೀನು ಬರೆದದ್ದು ಪ್ರೀತಿಗೆ, ನನಗೆ ಗೊತ್ತು. ಅವಳು ಅದನ್ನು ಬೇರೆಯಾಗಿ ತೆಗೆದಿಟ್ಟುಕೊಂಡು, ಹಸಿವಾದಾಗಲೆಲ್ಲ ತೆರೆದು ನೋಡುತ್ತಿದ್ದಳಂತೆ.

ಸೋಮವಾರವೇ ಫೋನು ಕಸಿದುಕೊಂಡು ದಾರದ ಡ್ರಾಯರಿಗೆ ಹಾಕಿ ಬೀಗ ಜಡಿದೆ. ಅವಳು ಅತ್ತ ಅಳು ಕೇಳಿ ಪಕ್ಕದ ಮನೆಯ ಬಡಗಿ ಉಳಿ ಹಿಡಿದುಕೊಂಡೇ ಓಡಿಬಂದ. ಡಾಕ್ಟರಮ್ಮನಿಗೆ ಅದನ್ನು ಹೇಳಿದರೆ, "ಕಿತ್ಕೊಂಡ್ರೆ ಮುಗೀತು ಅಂದ್ಕೋಬೇಡಿ, ಅವಳ ತಲೆಯೊಳಗೆ ಅದು ಓಡ್ತಾನೇ ಇರತ್ತೆ. ಜೊತೆಗೆ ಕೂತ್ಕೊಳ್ಳಿ" ಅಂದರು. ಈಗ ದಿನಕ್ಕೆ ಸ್ವಲ್ಪ ಹೊತ್ತು, ನನ್ನ ಮುಂದೆಯೇ. ಆ ಗುಂಪಿನಿಂದ ಅವಳೇ ಹೊರಗೆ ಬಂದಳು. ಒತ್ತುವ ಮೊದಲು, "ನಾನಿಲ್ದೇ ಇದ್ರೆ ಇನ್ನೂ ಏನೇನು ಬರೀತಾರೋ" ಅಂದಳು. ಇವತ್ತು ಅರ್ಧ ಬ್ರೆಡ್ಡು, ಒಂದು ಮೊಟ್ಟೆ ತಿಂದಳು. ನಾನು ನೋಡುತ್ತಿದ್ದರೆ ನುಂಗುವುದಿಲ್ಲ, ಅದಕ್ಕೆ ಗುಂಡಿ ತೂರುವ ಕಾಜಾ ಹಾಕುವ ನೆಪದಲ್ಲಿ ತಲೆ ಬಗ್ಗಿಸಿ ಕೂತಿದ್ದೆ. ಹಾಕಿದ ಕಾಜಾಗಳೆಲ್ಲ ಸೊಟ್ಟ.

ನಿನಗೆ ಬರೆಯುತ್ತೇನೆ ಎಂದು ಅವಳಿಗೆ ಹೇಳಿದ್ದೇನೆ. "ಬರಿ, ಆದ್ರೆ ಅಮ್ಮ ಅಳೋ ಹಾಗೆ ಬರೀಬೇಡ" ಅಂದಳು. ಆದಷ್ಟು ಹಾಗೇ ಬರೆದಿದ್ದೇನೆ. ಕೈಗೆ ಎಣ್ಣೆ ಹಚ್ಚಿಕೋ, ಹೊತ್ತಿಗೆ ಸರಿಯಾಗಿ ಮಲಗು. ಬಡಗಿಯೂ ಅವನ ಹೆಂಡತಿಯೂ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ.

ನಿನ್ನ ಕಾಲಿಗೆರಗುವ,
ತಂಗಿ

ಮರೆತ ಮಾತು: ಮರೆತದ್ದಲ್ಲ ಅಕ್ಕಾ, ಬರೆಯಲು ಧೈರ್ಯ ಬಂದಿರಲಿಲ್ಲ. ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ವಾರಕ್ಕೊಮ್ಮೆ ಚಿಕಿತ್ಸೆಗೆಂದು ಅವಳನ್ನು ಮಾತಾಡಿಸುವಾಗ ತಾಯಿಯೂ ಇರಬೇಕು, ಗುಣವಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು ಡಾಕ್ಟರಮ್ಮ ಹೇಳಿದರು. "ಅಮ್ಮ ಬರ್ತಾರಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಗುಬ್ಬಿ, "ಬೇಡ, ಅಮ್ಮನಿಗೆ ಕೆಲಸ ಇದೆ, ನಾನು ಚೆನ್ನಾಗೇ ಇದೀನಿ" ಅಂದುಬಿಟ್ಟಳು. ಹಾಗನ್ನುತ್ತಾ ನನ್ನ ಸೆರಗನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಪಿನ್ನು ಕಿತ್ತುಬಂತು. ಕರಾರಿನಲ್ಲಿ ಇನ್ನೂ ಹನ್ನೊಂದು ತಿಂಗಳಿದೆ, ನನಗೆ ಗೊತ್ತು. ಈ ಕಾಗದ ಸಿಕ್ಕಿದ ಬಂದರಿನಲ್ಲೇ ಇಳಿದು ಬಂದುಬಿಡು.