ನಾಳೆ ನಾನು ಹೇಳಿದ್ದು

ಮಾರ್ಚ್ 11, ಮಂಗಳವಾರ

ನಾಳೆ ಜಡ್ಜ್ ಸಾಹೇಬರ ಮೇಲಿನ ಇಲಾಖಾ ವಿಚಾರಣೆಯಲ್ಲಿ ನನ್ನ ಸಾಕ್ಷಿ. ವಾದ ಕೇಳುವುದಕ್ಕೆ ಆರು ದಿನ ಮೊದಲೇ ಅವರು ತೀರ್ಪು ಬರೆಸಿದ್ದರು. ಬರೆದುಕೊಂಡ ಸ್ಟೆನೋ ನಾನೇ. ಆ ತೀರ್ಪಿನಿಂದ ಶಿಕ್ಷೆಯಾದ ಮನುಷ್ಯ ಇನ್ನೂ ಜೈಲಿನಲ್ಲಿದ್ದಾನೆ.

ಸಂಜೆ ಸಾಹೇಬರ ಫೋನ್ ಬಂತು. "ಮಗೂಗೆ ಹಾಲು ಕುಡಿಸ್ತಿದ್ದೀಯೇನಮ್ಮಾ? ಆಗ್ಲಿ, ಬರ್ಕೋ," ಎಂದರು. ನಿಜಕ್ಕೂ ಕುಡಿಸುತ್ತಿದ್ದೆ. "ಸಾಕ್ಷಿ ತನಗೆ ತಾರೀಖು ನೆನಪಿಲ್ಲ ಎಂದಳು. ಸಾಕ್ಷಿ ಅತ್ತಳು."

"ಸರ್, ವಿಚಾರಣೆ ನಾಳೆ ಅಲ್ವಾ?"

"ಫುಲ್‌ಸ್ಟಾಪ್," ಎಂದು ಫೋನ್ ಇಟ್ಟುಬಿಟ್ಟರು.

ನಾನೇನೂ ಬರೆದುಕೊಳ್ಳಲಿಲ್ಲ ಅಂದುಕೊಂಡಿದ್ದೆ. ಈಗ ನೋಡಿದರೆ ಮಗುವಿನ ಲಸಿಕೆ ಕಾರ್ಡಿನ ಹಿಂದೆ ನನ್ನದೇ ಶಾರ್ಟ್‌ಹ್ಯಾಂಡ್, ಒಂದು ಗೆರೆಯೂ ತಪ್ಪಿಲ್ಲ. ಕೈ ಯಾವಾಗ ಬರೆಯಿತೋ.

ತೀರ್ಪು ಬರೆಸಿದ ತಾರೀಖು ಫೆಬ್ರವರಿ ಮೂರು. ಫೆಬ್ರವರಿ ಮೂರು. ಅದನ್ನು ಹೇಳಿಯೇ ಹೇಳುತ್ತೇನೆ. ಆದರೆ ಅವರ ಎರಡನೆಯ ವಾಕ್ಯ ಆಗಲೇ ನಿಜವಾಗಿಬಿಟ್ಟಿದೆ, ಕಾರ್ಡೆಲ್ಲ ಒದ್ದೆ, ಇನ್ನು ಮೊದಲನೆಯದು…